ಇಪ್ಪತ್ತೆಂಟು ಕೀಲುಗಳು, ಒಂದು ಸುಳ್ಳು

ನನ್ನ ಕೈಯಲ್ಲಿ ಎಷ್ಟು ಕೀಲುಗಳಿವೆ ಎಂಬುದು ಐವತ್ತಾರನೆಯ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ಸೊಲ್ಲಾಪುರದಲ್ಲಿ ಚಾದರ, ಟಾವೆಲು ಮಾರುವವನಿಗೆ ಕೈ ಎಂದರೆ ಚಾದರವನ್ನು ಝಾಡಿಸಿ ಗಿರಾಕಿಯ ಮುಂದೆ ಹರಡಲಿಕ್ಕೆ ಇರುವಂಥದ್ದು. ಅದರೊಳಗಿನ ಜೋಡಣೆಯನ್ನು ಯಾರು ನೋಡುತ್ತಾರೆ? ಒಂದು ಮುಂಜಾನೆ ಬೆರಳುಗಳು ಮಡಚಲು ಒಪ್ಪಲಿಲ್ಲ. ಹಲ್ಲುಜ್ಜುವ ಬ್ರಶ್ಶನ್ನು ಎರಡೂ ಕೈಗಳಿಂದ ಹಿಡಿಯಬೇಕಾಯಿತು. ಹತ್ತು ಗಂಟೆಯ ಹೊತ್ತಿಗೆ ತಾವೇ ಸಡಿಲಾದವು. ಮರುದಿನ ಮತ್ತೆ ಅದೇ ಹಟ. ನಾನು ವಾಯು ಎಂದೆ, ಹೆಂಡತಿ ಶಾಂತಾ ವಯಸ್ಸು ಎಂದಳು. ಕೊನೆಗೆ ವಿಜಾಪುರ ರಸ್ತೆಯ ಡಾಕ್ಟರರು ರಕ್ತ ತಪಾಸಿಸಿ, ರುಮಟಾಯ್ಡ್ ಸಂಧಿವಾತ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಕೀಲುಗಳ ಮೇಲೆ ಬೀಳುವ ರೋಗವಂತೆ.

ಡಾಕ್ಟರರಿಗೆ ನನ್ನ ಮಗಳ ವಯಸ್ಸು. ಮಾತೆಲ್ಲ ಮರಾಠಿ, ನಾನು ಅವರಿಗೆ 'ಕಾಕಾ'. ಮೂರು ತಿಂಗಳಿಗೊಮ್ಮೆ ಅವರು ನನ್ನ ಇಪ್ಪತ್ತೆಂಟು ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮೊಣಕಾಲು. ಉಳಿದ ಇಪ್ಪತ್ತೂ ಬೆರಳಿನವು. ತಮ್ಮ ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಒತ್ತಿ "ದುಖತಂಯ ಕಾ?" ಎನ್ನುತ್ತಾರೆ, ನೋಯುತ್ತದೆಯೇ ಎಂದು. ನೋಯುವ ಕೀಲುಗಳ ಲೆಕ್ಕ ಬೇರೆ, ಬಾತ ಕೀಲುಗಳ ಲೆಕ್ಕ ಬೇರೆ. ಎಲುಬು ಕೈಗೆ ಗಟ್ಟಿ ಹತ್ತುತ್ತದಂತೆ, ಬಾವು ಮೆತ್ತಗೆ. ಆಮೇಲೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲೊಂದು ಗೆರೆ, ಈ ತುದಿಗೆ ಸೊನ್ನೆ, ಆ ತುದಿಗೆ ಹತ್ತು. ನಮ್ಮ ನೋವು ಎಲ್ಲಿದೆಯೋ ಅಲ್ಲಿ ಗುರುತು ಹಾಕಬೇಕು. ನನಗೆ ಎಲ್ಲಕ್ಕಿಂತ ಹೆಚ್ಚು ನೋಯುವುದು ಪಾದ. ಈ ಇಪ್ಪತ್ತೆಂಟರಲ್ಲಿ ಪಾದದ ಕೀಲುಗಳಿಗೆ ಜಾಗವೇ ಇಲ್ಲ ಎಂದು ಗೊತ್ತಾದ ದಿನ ಮದುವೆಗೆ ಕರೆಯದ ಬೀಗನಂತೆ ನನ್ನ ಪಾದಗಳು ಮುನಿಸಿಕೊಂಡವು.

ಈಗ ನನ್ನ ಪಾಪವನ್ನು ಹೇಳಿಬಿಡುತ್ತೇನೆ. ಲೆಕ್ಕ ಕಡಿಮೆ ಬಂದ ದಿನ ಡಾಕ್ಟರರು ಮುಖ ಅರಳಿಸಿ "ಛಾನ್, ಕಾಕಾ!" ಎನ್ನುತ್ತಿದ್ದರು. ಆ ಒಂದು 'ಛಾನ್'ಗಾಗಿ ನಾನು ಏನು ಮಾಡಲಿಕ್ಕೂ ತಯಾರಾದೆ. ಮೊದಮೊದಲು ಹಲ್ಲು ಕಚ್ಚಿ "ನಾಹೀ" ಎನ್ನುತ್ತಿದ್ದೆ. ಆದರೆ ಹುಬ್ಬು ನನ್ನ ಮಾತು ಕೇಳುತ್ತಿರಲಿಲ್ಲ. ಡಾಕ್ಟರರು ಹುಬ್ಬನ್ನೇ ನೋಡಿ ಬರೆದುಕೊಳ್ಳುತ್ತಿದ್ದರು. ಅದಕ್ಕೆ ಉಪಾಯ ಹೂಡಿದೆ. ತಪಾಸಣೆಯ ದಿನ ಬೆಳಿಗ್ಗೆ ಆರಕ್ಕೆ ಎದ್ದು, ಔಷಧದ ಅಂಗಡಿಯಿಂದ ತಂದಿಟ್ಟ ನೋವಿನ ಗುಳಿಗೆಯನ್ನು ನುಂಗುವುದು. ಹತ್ತು ಗಂಟೆಗೆ ನನ್ನ ಕೀಲುಗಳು ತನಿಖೆಗೆ ಸಾಹೇಬರು ಬಂದ ದಿನದ ಸಾಲೆಯ ಮಕ್ಕಳಂತೆ ಕೈಕಟ್ಟಿ ಕೂತಿರುತ್ತಿದ್ದವು. ಛಾನ್! ಔಷಧ ಹೆಚ್ಚಿಸುವುದು ಬೇಡ, ಅದೇ ಇರಲಿ ಎನ್ನುತ್ತಿದ್ದರು. ನಾನು ಎದೆ ಸೆಟೆಸಿ ಹೊರಗೆ ಬರುತ್ತಿದ್ದೆ. ಮರುದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಶಾಂತಾಳ ಮುಂದೆ ನಿಲ್ಲುತ್ತಿದ್ದೆ.

"ಡಾಕ್ಟರ್ ಮುಂದ ಹುಲಿ, ನನ್ನ ಮುಂದ ಕೂಸು," ಎನ್ನುತ್ತಿದ್ದಳು. "ಆಕಿಗಿ ಖರೇ ಹೇಳಾಕ ಏನು ಧಾಡಿ ನಿಮಗ?"

ಹೀಗೆ ಮೂರು ತಪಾಸಣೆ ಗೆದ್ದೆ. ನಾಲ್ಕನೆಯ ತಪಾಸಣೆಯ ದಿನ ಗುಳಿಗೆ ನುಂಗಿಕೊಂಡೇ ಹೋಗಿ ಕೂತಿದ್ದಾಗ ಡಾಕ್ಟರರು ಬಾಗಿಲಿಗೆ ಬಂದು, "ಕಾಕಾ, ನಿಮಗೆ ಕನ್ನಡ ಬರುತ್ತದಲ್ಲ? ಕನ್ನಡ ಬಲ್ಲ ನರ್ಸಬಾಯಿ ರಜೆ ಇದ್ದಾರೆ, ಸ್ವಲ್ಪ ಒಳಗೆ ಬರ್ತೀರಾ?" ಎಂದು ಮರಾಠಿಯಲ್ಲಿ ಕೇಳಿದರು. ಒಳಗೆ ಒಬ್ಬ ಹೆಂಗಸು ಕೂತಿದ್ದಳು. ಅಕ್ಕಲಕೋಟೆ ಕಡೆಯ ತಡವಳದವಳು, ಹೆಸರು ಭಾಗವ್ವ, ಕುರಿ ಸಾಕುವ ಮನೆ. ಕೊರಳಲ್ಲಿ ಬೀರಪ್ಪನ ತಾಯಿತ. ಎರಡೂ ಮಣಿಕಟ್ಟುಗಳು ಉಬ್ಬಿದ್ದವು. ಹೊಸ ಪೇಶಂಟು. ನಾನು ಮಾತು ದಾಟಿಸಿದರೆ ನಡೆಯುತ್ತದೆಯೇ ಎಂದು ಕೇಳಿದೆ. "ಹೂಂರಿ ಸಾವ್ಕಾರ್ರ, ನೀವರ ಹೇಳ್ರಿ," ಎಂದಳು.

ಡಾಕ್ಟರರು ಮಣಿಕಟ್ಟು ಒತ್ತಿದರು. ಭಾಗವ್ವ ಕೈ ಹಿಂದೆಳೆದುಕೊಳ್ಳಲಿಲ್ಲ, ಮಾತು ಶುರುಮಾಡಿದಳು.

"ಹಾಲು ಹಿಂಡೂಮುಂದ ಇಲ್ಲಿ ಕೆಂಡ ಇಟ್ಟಂಗ ಆಗ್ತದರಿ. ಮುಂಜಾನಿ ಎದ್ರ ಹೊತ್ತು ಏರೂತನಾ ಕೈ ಮುಷ್ಟಿ ಆಗೂದಿಲ್ಲ. ಮೊನ್ನಿ ಕುರಿಮರಿ ಎತ್ತಾಕ ಹೋದ್ನಿ, ಜಾರಿ ಬಿತ್ತರಿ ಕೈಯಾಗಿಂದ. ಅದರ ಕಾಲು ಮುರೀತು. ಕುಂತು ಅತ್ತೀನ್ರಿ ನಾನು."

ನಾನು ಡಾಕ್ಟರರ ಕಡೆ ತಿರುಗಿ ಹೇಳಿದೆ: "ಥೋಡಂ ದುಖತಂಯ ಮ್ಹಣತಾತ." ಸ್ವಲ್ಪ ನೋಯುತ್ತದಂತೆ!

ಯಾಕೆ ಹಾಗೆಂದೆನೋ ದೇವರಾಣೆ ನನಗೆ ಗೊತ್ತಿಲ್ಲ. ಆ ಕುರ್ಚಿಯ ಹತ್ತಿರ ಹೋದರೆ ನೋವನ್ನು ಕಡಿಮೆ ಮಾಡಿ ಹೇಳುವುದು ನನ್ನ ನಾಲಿಗೆಗೆ ಅಷ್ಟು ರೂಢಿಯಾಗಿತ್ತು. ಡಾಕ್ಟರರ ಪೆನ್ನು ಹಾಳೆಗೆ ತಾಗಿತು. ಅಷ್ಟರಲ್ಲಿ ಭಾಗವ್ವ ನನ್ನ ತೋಳು ಹಿಡಿದಳು.

"ಅಯ್ಯ, ಥೋಡಾ ಅಂತ ನಾ ಯಾವಾಗ ಅಂದ್ನಿರಿ? ಮರಾಠಿ ನನಗೂ ತಿಳೀತದ. ಮೈಯಾಗಿನ ಬ್ಯಾನಿ ಮರಾಠ್ಯಾಗ ಹೇಳಾಕಷ್ಟ ಬರೂದಿಲ್ಲ. ಬ್ಯಾನಿ ನಂದು, ನೀವ್ಯಾಕ ಕಡಿಮಿ ಮಾಡ್ತೀರಿ?"

ಡಾಕ್ಟರರ ಮುಂದೆ ತಪ್ಪಾಯಿತೆಂದು ಒಪ್ಪಿಕೊಂಡು, ಕೆಂಡದಿಂದ ಕುರಿಮರಿಯವರೆಗೆ ಒಂದೂ ಮಾತು ಬಿಡದೆ ಹೇಳಿದೆ. ಗೆರೆಯ ಹಾಳೆ ಬಂದಾಗ ಭಾಗವ್ವ ಎಂಟರ ಹತ್ತಿರ ಬೆರಳಿಟ್ಟಳು. "ಹ್ವಾದ ತಿಂಗಳ ಆಗಿದ್ರ ಈ ಹಾಳಿ ಸಾಲ್ತಿರಲಿಲ್ಲರಿ," ಎಂದಳು. ನಾನು ಅದನ್ನೂ ಹೇಳಿದೆ. ಡಾಕ್ಟರರು ನಗಲಿಲ್ಲ, ಬರೆದುಕೊಂಡರು. ಔಷಧ ಬರೆದುಕೊಟ್ಟು, ಯಾವಾಗ ನುಂಗಬೇಕು, ಯಾವಾಗ ರಕ್ತ ತೋರಿಸಬೇಕು ಎಂದು ನನ್ನಿಂದ ಎರಡೆರಡು ಸಲ ಹೇಳಿಸಿದರು.

ಆಕೆ ಹೋದ ಮೇಲೆ ನನ್ನ ಸರದಿ. ಡಾಕ್ಟರರು ನನ್ನ ನಡುಬೆರಳಿನ ಬುಡವನ್ನು ಹಿಡಿದರು. 'ನಾಹೀ' ಬಾಯಿಗೆ ಬಂದಿತ್ತು. ಅದನ್ನು ನುಂಗಿ, ಬೆಳಿಗ್ಗೆ ನುಂಗಿದ್ದರ ಕಥೆ ಹೇಳಿದೆ. ಅವರು ಬೆರಳು ಬಿಟ್ಟರು. ಹಿಂದಿನ ಮೂರು ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು.

"ಅಂದರೆ ಇಷ್ಟು ದಿನ ನಾನು ತಪಾಸಣೆ ಮಾಡಿದ್ದು ಆ ಗುಳಿಗೆಯನ್ನು, ನಿಮ್ಮನ್ನಲ್ಲ," ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಗುಳಿಗೆಯಿಲ್ಲದೆ ಮುಂದಿನ ವಾರ ಬರಲು ಹೇಳಿದರು. ಹೋದೆ. ಹದಿನಾಲ್ಕು ಕೀಲು ನೋಯುತ್ತಿದ್ದವು, ಒಂಬತ್ತು ಬಾತಿದ್ದವು. ಬೆರಳಿಗೆ ತಣ್ಣನೆಯ ಜೆಲ್ಲಿ ಹಚ್ಚಿ ಸೋನೋಗ್ರಫಿ ಮಾಡಿದರೆ ತೆರೆಯ ಮೇಲೆ ಕೀಲಿನ ಸುತ್ತ ಉರಿಯೂತದ ಕೆಂಪು ಕಿಡಿಗಳು ಮಿಣಮಿಣ ಎನ್ನುತ್ತಿದ್ದವು. ಕಣ್ಣಾರೆ ನೋಡಿದ ಮೇಲೆ 'ನಾಹೀ' ಎನ್ನುವುದಾದರೂ ಹೇಗೆ? ಎಕ್ಸರೇಯಲ್ಲಿ ನಡುಬೆರಳಿನ ಎಲುಬಿನ ಅಂಚು ಇಲಿ ಕಚ್ಚಿದ ರೊಟ್ಟಿಯಂತೆ ಕಂಡಿತು. ಒಂದು ವರ್ಷದ ಹಿಂದಿನ ಎಕ್ಸರೇಯಲ್ಲಿ ಅದು ಇರಲಿಲ್ಲ. "ಇದು ತಿರುಗಿ ತುಂಬುವುದಿಲ್ಲ, ಕಾಕಾ. ಉಳಿದದ್ದನ್ನು ಉಳಿಸೋಣ," ಎಂದರು.

ಮನೆಗೆ ಬಂದು ಶಾಂತಾಳಿಗೆ ಎಲ್ಲ ಹೇಳಿದೆ. ಜಗಳಕ್ಕೆ ಮೈ ಗಟ್ಟಿಮಾಡಿಕೊಂಡೇ ಹೇಳಿದೆ. ಅವಳು ನನ್ನ ನಡುಬೆರಳನ್ನು ಕೈಯಲ್ಲಿ ತೆಗೆದುಕೊಂಡು ಅತ್ತಿತ್ತ ಹೊರಳಿಸಿ ನೋಡಿದಳು.

"ಆ ಡಾಕ್ಟರ್ ನನ್ನ ಒಮ್ಮಿ ಕರದು ಕೇಳಿದ್ರ ಸಾಕಿತ್ರಿ," ಎಂದಳು. ಅಷ್ಟೇ.

ಅಂದಿನಿಂದ ತಪಾಸಣೆಗೆ ಅವಳೂ ಬರುತ್ತಾಳೆ. ಔಷಧ ಬದಲಾಯಿತು. ನಾಲ್ಕು ತಿಂಗಳಲ್ಲಿ ಗುಂಡಿಗಳನ್ನು ನಾನೇ ಹಾಕಿಕೊಳ್ಳತೊಡಗಿದೆ, ಕೆಲವೊಮ್ಮೆ ಮೇಲಿನದು ಕೆಳಗಾಗುತ್ತದೆ. ಅಕ್ಕಲಕೋಟೆಯ ಬಸ್‌ ನಿಲ್ದಾಣದಲ್ಲಿ ಒಂದು ದಿನ ಭಾಗವ್ವ ಸಿಕ್ಕಳು. ದೂರದಿಂದಲೇ ನನ್ನನ್ನು ಗುರುತಿಸಿ, ನೇರ ಬಂದು ನನ್ನ ಮೂಗಿನ ಮುಂದೆ ಮುಷ್ಟಿ ಹಿಡಿದಳು. "ನೋಡ್ರಿ ಸಾವ್ಕಾರ್ರ! ಆತು ನೋಡ್ರಿ!" ಸುತ್ತಲಿನವರು ನಾನೇನೋ ಕಿತಾಪತಿ ಮಾಡಿದ್ದೇನೆಂದುಕೊಂಡು ಸರಿದು ನಿಂತರು. ಹಾಲು ಹಿಂಡುತ್ತಾಳಂತೆ. ಆ ಕುರಿಮರಿಯೂ ಕುಂಟುತ್ತಲೇ ಮೇಯುತ್ತದಂತೆ.

ನರ್ಸಬಾಯಿ ಇಲ್ಲದ ದಿನ ಡಾಕ್ಟರರು ಈಗಲೂ ನನ್ನನ್ನು ಕರೆಯುತ್ತಾರೆ. ಹೋದ ತಿಂಗಳು ಕುಂಭಾರಿಯ ಮುದುಕರೊಬ್ಬರು ಬಂದಿದ್ದರು. ಸೊಸೆ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ಮುದುಕರ ಬೆರಳುಗಳು ಬದನೆಕಾಯಿಯಂತೆ ಊದಿದ್ದವು. ಏನಾಗುತ್ತದೆ ಎಂದು ಕೇಳಿದರೆ, "ಏನೂ ಇಲ್ಲ ತಗೋರಿ, ಆರಾಮದೀನಿ. ಈಕಿ ಸುಮ್ಮ ಕರ್ಕೊಂಡು ಬಂದಾಳ," ಎಂದರು. ನಾನು ಅದನ್ನು ಹಾಗೆಯೇ ಮರಾಠಿಗೆ ದಾಟಿಸಿ, ಕೊನೆಗೆ ನನ್ನದೊಂದು ಮಾತು ಸೇರಿಸಿದೆ: ನಂಬಬೇಡಿ, ಇವರು ನಮ್ಮ ಪೈಕಿಯವರು.

"ಏನಂದ್ರಿ ಆ ಡಾಕ್ಟರ್‌ಬಾಯಿಗಿ?" ಮುದುಕರಿಗೆ ಸಂಶಯ ಬಂತು.

"ನೀವು ಭಾಳ ಗಟ್ಟಿ ಮನಶ್ಯಾ ಅಂದ್ನಿರಿ."

ಡಾಕ್ಟರರು ಒತ್ತಿದರು. ಮುದುಕರು ಬೀರಪ್ಪನನ್ನೂ ಮೈಲಾರನನ್ನೂ ಒಂದೇ ಉಸಿರಿಗೆ ಕರೆದರು. ಆಮೇಲೆ ಅವರ ಬಾಯಿಗೆ ಕಟ್ಟೇ ಇರಲಿಲ್ಲ. ಭುಜ, ಮೊಣಕಾಲು, ಪಾದ, ಚಾದರ ಹೊದೆಯಲೂ ಬಾರದ ಕೈ, ಎರಡು ವರ್ಷದ್ದೆಲ್ಲ ಹೊರಗೆ ಬಂತು. ನಾನು ಏದುಸಿರು ಬಿಡುತ್ತ ಹಿಂದೆಯೇ ಮರಾಠಿ ಮಾಡುತ್ತ ಹೋದೆ. ಬಾಗಿಲಲ್ಲಿ ನಿಂತ ಸೊಸೆ ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದಳೆಂದು ಕಾಣುತ್ತದೆ. ಚೀಲವನ್ನು ಕೆಳಗಿಟ್ಟು, ಒಳಗೆ ಬಂದು, ಮಾವನ ಪಕ್ಕದಲ್ಲಿ ಕೂತಳು.