ಮಂಗಳವಾಗದ ಪುಸ್ತಕ

ಕೇಳದವರಿಗೂ ಇಂಥ ಪುಸ್ತಕ ಓದಿ ಎಂದು ಹೇಳುವ ಜಾಯಮಾನದವಳು ನಾನು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮನೆ, ಕಂಟೋನ್ಮೆಂಟಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪಾಠ, ಉಳಿದ ಹೊತ್ತೆಲ್ಲ ಇದೇ ಕೆಲಸ. ಬಿಸಿಲಿನಿಂದ ಕರೆಂಟು, ಗಾಳಿಯಿಂದ ಕರೆಂಟು, ನೆಲ ನೀರು ಉಳಿಸುವ ಬಗೆ, ಇಂಥ ಪುಸ್ತಕ ಕಂಡರೆ ಎರಡು ಪ್ರತಿ ಕೊಳ್ಳುತ್ತೇನೆ. ಒಂದು ನನಗೆ, ಇನ್ನೊಂದು ಯಾರ ಕೊರಳಿಗಾದರೂ ಕಟ್ಟಲು. ನೆಗಡಿಯಾಗಿದೆ, ಒಂದಿಷ್ಟು ಶುಂಠಿ ಇದ್ದರೆ ಕೊಡಿ ಎಂದು ಬಂದ ಪಕ್ಕದ ಮನೆಯವರಿಗೂ ಶುಂಠಿಯ ಜತೆ ಒಂದು ಪುಸ್ತಕ ಕೊಟ್ಟು ಕಳಿಸಿದ್ದೇನೆ. ಈಗ ಅವರು ನಮ್ಮ ಮನೆ ಮುಂದೆ ಹಾಯುವಾಗ ಫೋನು ಕಿವಿಗಿಟ್ಟುಕೊಳ್ಳುತ್ತಾರೆ. ಆ ಫೋನು ಎಷ್ಟೋ ಸಲ ತಲೆಕೆಳಗಾಗಿರುತ್ತದೆ.

ಹೀಗೆ ತಪ್ಪಿಸಿಕೊಳ್ಳುವವರ ಪೈಕಿ ಸಿರುಗುಪ್ಪದ ನನ್ನ ಸೋದರಮಾವನದು ಎತ್ತಿದ ಕೈ. ಭತ್ತದ ಗದ್ದೆಯುಳ್ಳವನು. ಕೊಯ್ಲಾದ ಮೇಲೆ ಹುಲ್ಲು ಸುಡಬೇಡಿ ಎನ್ನುವ ಪುಸ್ತಕವೊಂದನ್ನು ಅವನಿಗೆ ಕೊಟ್ಟು, ತಿಂಗಳ ಮೇಲೆ ಓದಿದೆಯಾ ಎಂದು ಕೇಳಿದೆ. ಭಾಳ ಚಲೋ ಐತಿ ಎಂದ. ಏನು ಚಲೋ ಎಂದೆ. ರಟ್ಟು ಎಂದ. ಸಿಟ್ಟು ನೆತ್ತಿಗೇರಿ ಎರಡು ವಾರ ಅವನ ಸಂಗಡ ಮಾತು ಬಿಟ್ಟೆ. ಅದು ಅವನಿಗೆ ಗೊತ್ತೇ ಆಗಲಿಲ್ಲ.

ಅಂಥ ನನಗೆ ಹೋದ ಶ್ರಾವಣದಲ್ಲಿ ಕುರುಗೋಡಿನಿಂದ ದೊಡ್ಡವ್ವನ ಫೋನು ಬಂತು. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅವಳ ಸೊಸೆ ತುಂಬು ಬಸುರಿ. ತವರು ಪಕ್ಕದ ಓಣಿಯೇ ಆದ್ದರಿಂದ ಎರಡೂ ಮನೆಗಳಲ್ಲಿ ಅಡ್ಡಾಡಿಕೊಂಡಿದ್ದಳು. ಹೆರಿಗೆ ಸುಸೂತ್ರವಾಗಲಿ ಎಂದು ದೊಡ್ಡವ್ವ ಶ್ರಾವಣ ಪೂರ್ತಿ ಮನೆಯಲ್ಲಿ ಪುರಾಣ ಓದಿಸುವ ಹರಕೆ ಹೊತ್ತಿದ್ದಳು. ಓದುತ್ತಿದ್ದ ಪುರಾಣಿಕರು ಗಂಟಲು ಕಟ್ಟಿ ತೆಕ್ಕಲಕೋಟೆಯ ತಮ್ಮ ಮನೆಗೆ ಹೋಗಿದ್ದರು. ಹೋಗುವಾಗ ಪುರಾಣದ ಪುಸ್ತಕವನ್ನೂ ಒಯ್ದಿದ್ದರು. ಹರಕೆ ನಡುವೆ ಒಂದು ದಿನವೂ ಪೀಠ ಬರಿದಾಗಬಾರದು.

“ಊರಿಗೆಲ್ಲ ಓದ್ರಿ ಓದ್ರಿ ಅಂತೀ. ಇವತ್ತು ನೀನ ಬಂದು ಓದು. ಒಳ್ಳೇ ಪುಸ್ತಕ ಆದ್ರ ಸಾಕು,” ಎಂದಳು.

ಪುರಾಣಕ್ಕೆ ಅವಳ ಮನೆಯಲ್ಲಿ ಒಂದು ಕಟ್ಟಳೆಯಿದೆ. ಕೂತವರು ಮಂಗಳ ಹಾಡುವ ತನಕ ಏಳುವಂತಿಲ್ಲ. ಎದ್ದು ಓಡಲಾರದ ಕೇಳುಗರು ನನಗೆ ಇನ್ನೆಲ್ಲಿ ಸಿಗಬೇಕು? ರೊಟ್ಟಿ ಜಾರಿ ತುಪ್ಪದಲ್ಲಿ ಬಿದ್ದಂತಾಯಿತು. ಕಪಾಟಿನಲ್ಲಿದ್ದುದರಲ್ಲೇ ದಪ್ಪನೆಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ.

ನಡುಮನೆಯಲ್ಲಿ ಜಮಖಾನ ಹಾಸಿ ಓಣಿಯ ಮಂದಿ ಆಗಲೇ ಕೂತಿದ್ದರು. ದೊಡ್ಡವ್ವ ನನ್ನ ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು, ರಟ್ಟಿನ ಮೇಲಿದ್ದ ಗಾಳಿಯಂತ್ರದ ಚಿತ್ರಕ್ಕೆ ಮೂರು ಬೆರಳ ವಿಭೂತಿ ಎಳೆದು, ಕಣಗಿಲೆ ಹೂ ಏರಿಸಿ, ಕಾಯಿ ಒಡೆದಳು. ಯಂತ್ರದ ಮೂರು ರೆಕ್ಕೆ ನೋಡಿ ಮುದುಕಿಯೊಬ್ಬಳು ತ್ರಿಶೂಲವೆಂದು ಕೈಮುಗಿದಳು. ನಾನು ತಿದ್ದಲಿಲ್ಲ. ಸಿರುಗುಪ್ಪದ ಮಾವನೂ ಬಂದಿದ್ದ, ಅಕ್ಕನ ಮನೆಯ ಪುರಾಣಕ್ಕೆ ಮತ್ತು ಅದರ ನಂತರದ ಗೋಧಿ ಹುಗ್ಗಿಗೆ. ಪೀಠದ ಹಿಂದೆ ನನ್ನನ್ನು ಕಂಡು ಅವನ ಮುಖ ಬಾಡಿತು. ಬಾಗಿಲ ಕಡೆ ನೋಡಿದ. ಅಷ್ಟರಲ್ಲಿ ನಾನು ಓಂ ಎಂದುಬಿಟ್ಟಿದ್ದೆ.

ಅಲ್ಲಲ್ಲಿ ಆರಿಸಿ ಒಂದಿಷ್ಟು ಓದುವುದು, ಅರ್ಥ ಹೇಳುವುದು. ಕಾಲೇಜಿನಲ್ಲಿ ಅಂಥ ಕಿವಿಗಳನ್ನು ನಾನು ಕಂಡೇ ಇಲ್ಲ. ಮಾಳಿಗೆಯ ಮೇಲೆ ಬಿಸಿಲು ಬಿದ್ದು ಮನೆಯೊಳಗೆ ದೀಪ ಹತ್ತಿತು ಎಂದರೆ ಎಲ್ಲರೂ ‘ಹರಹರ ಮಹಾದೇವ’ ಎಂದರು. ಗಾಳಿಗೆ ಯಂತ್ರ ತಿರುಗಿತು ಎಂದರೆ ಮತ್ತೆ ಹರಹರ. ನಾನು ಉಬ್ಬಿಹೋದೆ. ಆ ಉಬ್ಬಿನಲ್ಲಿ ಕಲ್ಲಿದ್ದಲಿಗೆ ಕೋರೆಹಲ್ಲು ಇಟ್ಟು, ಭೂಮಿತಾಯಿಯ ಹೊಟ್ಟೆಯಿಂದೆದ್ದು ಹೊಗೆ ಉಗುಳುವ ದೈತ್ಯನನ್ನಾಗಿ ಮಾಡಿದೆ. ಅದೊಂದು ಮಾಡಬಾರದಿತ್ತು. ದೈತ್ಯ ಎಂದ ಮೇಲೆ ಜನ ಅವನ ವಧೆಗೆ ಕಾಯುತ್ತಾರೆ. ಒಂದೊಂದು ಅಧ್ಯಾಯ ಮುಗಿದಾಗಲೂ ದೈತ್ಯ ಸತ್ತನೇನು ಎಂದು ಮಾವ ಕೇಳುವನು. ಇನ್ನೂ ಇಲ್ಲ ಎನ್ನುವೆನು. ಎಂಥಾ ಪುರಾಣ ಇದು ಎಂದು ಗೊಣಗುವನು.

ಭೂಮಿ ಬಿಸಿಯಾಗುವ ಅಧ್ಯಾಯಕ್ಕೆ ಸರಿಯಾಗಿ ಕರೆಂಟು ಹೋಗಿ ಫ್ಯಾನು ನಿಂತಿತು. ಇದು ಪುಸ್ತಕದ ಮಹಿಮೆ ಎಂದು ಮುದುಕಿ ಗಲ್ಲ ಗಲ್ಲ ಬಡಿದುಕೊಂಡಳು. ಬೆವರು ಧಾರೆಯಾಗಿ ಇಳಿದರೂ ಒಬ್ಬರೂ ಏಳಲಿಲ್ಲ. ಆ ಭರದಲ್ಲಿ ನಾನು ನಿಲ್ಲಬೇಕಾದಲ್ಲಿ ನಿಲ್ಲದೆ ಹಾಳೆ ತಿರುವಿದೆ. ಅದು ಕೊನೆಯ ಅಧ್ಯಾಯ. ಇವತ್ತು ಹುಟ್ಟುವ ಕೂಸು ಮುಪ್ಪಾಗುವ ಹೊತ್ತಿಗೆ ಏನೇನು ಕಾಣುತ್ತದೆ ಎಂದು ಅಲ್ಲಿ ಬರೆದಿದ್ದರು. ಬತ್ತಿದ ಹೊಳೆ, ಹಗಲಲ್ಲಿ ಅಂಗಳಕ್ಕೂ ಕಾಲಿಡಗೊಡದ ಬಿಸಿಲು, ಹೀಗೆ. ಓದಿ ಮುಗಿಸಿ ತಲೆಯೆತ್ತಿದರೆ ಯಾರೂ ಹರಹರ ಎನ್ನಲಿಲ್ಲ. ಎಲ್ಲರೂ ಗೋಡೆಗೊರಗಿ ಕೂತಿದ್ದ ಸೊಸೆಯ ಹೊಟ್ಟೆಯನ್ನೇ ನೋಡುತ್ತಿದ್ದರು.

ನನ್ನ ಬಾಯಿಗಿಷ್ಟು ಮಣ್ಣು ಹಾಕ ಎಂದುಕೊಂಡು ಗಡಿಬಿಡಿಯಲ್ಲಿ ಪುಸ್ತಕ ಮುಚ್ಚಲು ಹೋದೆ. ದೊಡ್ಡವ್ವ ನನ್ನ ಕೈ ಹಿಡಿದಳು.

“ಮುಚ್ಚಬ್ಯಾಡ. ಅಶುಭದಾಗ ಪುರಾಣ ನಿಲ್ಸಬಾರದು. ಒಳ್ಳೇದು ಬರೋ ತನಕ ಓದು.”

ಮುಗಿದೇ ಹೋಯಿತು, ಮುಂದೆ ಹಾಳೆಯೇ ಇಲ್ಲ ಎಂದೆ. ಹಾಗಾದರೆ ಮಂಗಳವೂ ಇಲ್ಲ ಎಂದಳು. ಮಂಗಳವಿಲ್ಲ ಎಂದರೆ ಯಾರೂ ಏಳುವಂತಿಲ್ಲ.

ಒಳ್ಳೆಯದನ್ನು ಹುಡುಕತೊಡಗಿದೆ. ನದಿಗಳ ಅಧ್ಯಾಯ ತೆಗೆದರೆ ಎರಡನೇ ಸಾಲಿಗೇ ಮೀನುಗಳು ಸತ್ತವು. ಕಾಡಿನ ಅಧ್ಯಾಯಕ್ಕೆ ಹೋದೆ, ನಾವು ಮುಟ್ಟುವುದರೊಳಗೆ ಕಡಿದಿದ್ದರು. ಬಿಸಿಲಿನ ಕರೆಂಟಿನದು ಚೆನ್ನಾಗಿಯೇ ಹೊರಟು, ‘ಆದರೆ’ ಎಂಬಲ್ಲಿಗೆ ಬಂದು ಕುಂಟಿತು. ಕಡೆಗೆ ಬರೆದವರು ತಮ್ಮ ಹೆಂಡತಿಗೆ ಕೃತಜ್ಞತೆ ಹೇಳಿದ ಪುಟ ಓದಿದೆ. ಬರೆಯುವಾಗೆಲ್ಲ ಆಕೆ ಚಹಾ ಮಾಡಿಕೊಟ್ಟಳಂತೆ. ಮಾವ ದೊಡ್ಡ ದನಿಯಲ್ಲಿ ಹರಹರ ಎಂದು ಅರ್ಧ ಎದ್ದೇಬಿಟ್ಟ. ಅದು ಕಥೆಯಲ್ಲ, ಅವರ ಮನೆಯ ಮಾತು ಎಂದು ದೊಡ್ಡವ್ವ ಅವನನ್ನು ಕಣ್ಣಲ್ಲೇ ಕೂಡಿಸಿದಳು.

ಸಿರುಗುಪ್ಪದ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಮಂದಿ ಜೋಮು ಹಿಡಿದ ಕಾಲು ತಿಕ್ಕಿಕೊಳ್ಳುತ್ತಿದ್ದರು, ಅಡುಗೆಮನೆಯಿಂದ ಹುಗ್ಗಿಯ ವಾಸನೆ ಬೇರೆ. ತಡೆಯಲಾರದೆ ಮಾವ ಪೀಠವನ್ನೇ ತನ್ನ ಕಡೆ ಎಳೆದುಕೊಂಡು, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ತಾನೇ ಹಾಳೆ ತಿರುವತೊಡಗಿದ. ನನ್ನ ಪುಸ್ತಕವೊಂದನ್ನು ಅವನು ಓದಿದ್ದು ಅದೇ ಮೊದಲು. ಸಿಕ್ಕಿದ್ದು ಭತ್ತದ ಹುಲ್ಲು ಸುಡುವವರ ಪುಟ. ಬಾಯೊಳಗೇ ಓದಿಕೊಂಡು, ಪೀಠವನ್ನು ಮೆಲ್ಲಗೆ ನನ್ನ ಕಡೆ ದೂಡಿದ.

ಆಗ ಸೊಸೆ ಗೋಡೆ ಹಿಡಿದು ಎದ್ದು ನಿಂತಳು.

“ನಾ ಎದ್ದೆ ಅತ್ತಿ. ಅಕ್ಕನ ಪುಸ್ತಕ ಸುಧಾರಿಸೋ ತನಕ ಕುಂತ್ರ ಕೂಸು ಜಮಖಾನದ ಮ್ಯಾಲ ಹುಟ್ಟತೈತಿ.”

ಮೊದಲು ನಕ್ಕವಳು ದೊಡ್ಡವ್ವನೇ. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು, ಒರೆಸುವುದು ಬೇಗ ಮುಗಿಯಲಿಲ್ಲ. ಅಷ್ಟು ಹೊತ್ತೂ ಅವಳು ಯಾರನ್ನೂ ಏಳಗೊಡದ್ದನ್ನು ನಾನು ಹಟವೆಂದುಕೊಂಡಿದ್ದೆ. ಅವಳು ಹೆದರಿದ್ದಳು. ಎಲ್ಲರಿಗೂ ಹುಗ್ಗಿ ಬಡಿಸಿದಳು, ಆದರೆ ಮಂಗಳ ಹಾಡಿಸಲಿಲ್ಲ, ಪುಸ್ತಕ ಮುಚ್ಚಗೊಡಲೂ ಇಲ್ಲ. ಪೀಠದ ಮೇಲೆ ತೆರೆದಂತೆಯೇ ಬಿಟ್ಟು ಬಂದೆ. ಮುಂದೆ ಪುರಾಣಿಕರು ಗಂಟಲು ಸರಿಯಾಗಿ ಬಂದು ಹರಕೆ ಮುಗಿಸಿದರು. ಅವರ ಪುರಾಣಕ್ಕೆ ಬೇರೆ ಮಣೆ ಹಾಕಿದರಂತೆ.

ಭಾದ್ರಪದದಲ್ಲಿ ದೊಡ್ಡವ್ವನ ಫೋನು ಬಂತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ. ನಾನು ಖುಷಿಯಿಂದ ಮನೆಯೆಲ್ಲ ಓಡಾಡಿದೆ. ಮೂಗು ಯಾರದು, ಬಣ್ಣ ಯಾರದು ಎಲ್ಲ ಹೇಳಿದ ಮೇಲೆ ದೊಡ್ಡವ್ವ ಪುಸ್ತಕದ ಸುದ್ದಿಗೆ ಬಂದಳು. ಆ ಪುಸ್ತಕ ಇನ್ನೂ ತೆರೆದೇ ಇದೆಯಂತೆ. ಅದರ ಮುಂದಿನದನ್ನು ಯಾರಾದರೂ ಬರೆದಿದ್ದರೆ ಹೆಸರು ಹೇಳು, ತರಿಸುತ್ತೇನೆ ಎಂದಳು.

ತಾವಾಗಿಯೇ ನನ್ನನ್ನು ಪುಸ್ತಕ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಕಪಾಟಿನ ಮುಂದೆ ನಿಂತು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ನೋಡಿದೆ. ಎಲ್ಲವೂ ಆ ಪುಸ್ತಕದ ಹಾಗೆಯೇ ಮುಗಿಯುವಂಥವು. ಇನ್ನೂ ಬರೆದಿಲ್ಲ ದೊಡ್ಡವ್ವ, ಬರೆಯುತ್ತಾರೆ ಎಂದೆ.

“ಲಗೂನ ಬರೀರಿ ಅನ್ನು,” ಎಂದಳು. “ಕೂಸು ಈಗ ಹೊಟ್ಟಿ ತುಂಬಿ ಮಲಗೈತಿ. ಅದು ಏಳೂದ್ರೊಳಗ ಮುಗಿಸ್ರಿ ಅನ್ನು.”