ಬೇಕೆಂದೇ ಇಟ್ಟ ತಪ್ಪು

ಹೆಬ್ಬಗೋಡಿಯ ಮುನಿಯಣ್ಣನ ಮಗಳು ವೇಣಿಗೆ ಆಫೀಸಿನಲ್ಲಿ ‘ತಡಿಯಕ್ಕ’ ಎಂದೇ ಅಡ್ಡಹೆಸರು. ಎಲೆಕ್ಟ್ರಾನಿಕ್ ಸಿಟಿಯ ಅವಳ ಕಂಪನಿ ಬಸ್ ಟಿಕೆಟ್ ಬುಕ್ ಮಾಡುವ ಸರ್ವರುಗಳನ್ನು ನೋಡಿಕೊಳ್ಳುತ್ತಿತ್ತು. ಸರ್ವರ್ ಎಷ್ಟು ಮೆಮೊರಿ ತೆಗೆದಿಡಬೇಕು, ಒಂದೇ ಹೊತ್ತಿಗೆ ಎಷ್ಟು ಜನರನ್ನು ಒಳಗೆ ಬಿಡಬೇಕು ಎಂಬುದನ್ನೆಲ್ಲ ಟ್ಯೂನಿಂಗ್ ಫೈಲಿನಲ್ಲಿ ಬರೆಯುವುದು ವೇಣಿಯ ಕೆಲಸ. ಯಾರು ಅವಸರ ಮಾಡಿದರೂ “ತಡಿ, ಇನ್ನೊಂದ್ಸಲ ನೋಡ್ಬಿಡೋಣ” ಅನ್ನುವಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಂಬಿದ ಹೆಣ್ಣು.

ಬರೆದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ. ಹಾಗಾಗಿ ಫೈಲನ್ನು ಇನ್ನೊಬ್ಬರು ನೋಡಬೇಕು, ಆಮೇಲೆ ಒಂದು ಟೆಸ್ಟ್ ಸರ್ವರಿಗೆ ಹಾಕಬೇಕು, ಅದು ನೆಟ್ಟಗೆ ಎದ್ದರೆ ಮಾತ್ರ ಉಳಿದವಕ್ಕೆ. ಈ ನಿಯಮ ತಂದವಳೂ ವೇಣಿಯೇ. ನೋಡಬೇಕಾದವನು ಅವಳ ಕೈಕೆಳಗಿನ ಶಿವಶಂಕರ್. ತುಂಬಾ ಜಾಣ. ಆದರೆ ವೇಣಿ ಬರೆದ ಯಾವ ಫೈಲಿಗೂ ಅವನದು ಒಂದೇ ಉತ್ತರ: “ಸರಿ ಇದೆ ಅಕ್ಕ.”

ಒಂದು ದಿನ ಅವನು ಸರಿ ಅಂದ ಫೈಲು ಹಾಕಿದ ಮೇಲೆ ಟೆಸ್ಟ್ ಸರ್ವರ್ ಏಳಲೇ ಇಲ್ಲ. ನೋಡಿದರೆ, ದೊಡ್ಡ ಸರ್ವರಿನ ಮೆಮೊರಿ ಲೆಕ್ಕವನ್ನು ವೇಣಿ ಹಾಗೇ ಚಿಕ್ಕದಕ್ಕೆ ಬರೆದಿದ್ದಳು.

“ನೋಡಿದ್ಯೇನೋ ಇದನ್ನ?”

“ನೋಡ್ದೆ ಅಕ್ಕ. ಜಾಸ್ತಿ ಅನ್ನಿಸ್ತು.”

“ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ?”

ಅವನು ಕೀಬೋರ್ಡ್ ನೋಡುತ್ತಲೇ ಹೇಳಿದ: “ನಾವು ಬಾಡಿಗೆಗಿರೋದು ನಿಮ್ಮ ತಂದೆಯವ್ರ ಮನೇಲಿ. ನೀರಿನ ವಿಷ್ಯಕ್ಕೆ ಎದುರು ಮಾತಾಡಿದ್ರು ಅಂತ ಪಕ್ಕದ ಮನೆಯವ್ರನ್ನ ಖಾಲಿ ಮಾಡಿಸಿದ್ರಲ್ಲ. ಓನರ್ ಮಗಳಿಗೆ ತಪ್ಪು ಅಂತ ಹೆಂಗೆ ಹೇಳೋದು? ನನ್ನ ಹೆಂಡ್ತಿ ಬಸುರಿ, ಅಕ್ಕ.”

ವೇಣಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆ ಬೇರೆ, ಆಫೀಸು ಬೇರೆ ಎಂದು ಎಷ್ಟು ಸಲ ಬಿಡಿಸಿ ಹೇಳಿದರೂ ಅವನು ಕೋಲೆ ಬಸವನ ಹಾಗೆ ತಲೆ ಆಡಿಸುತ್ತಲೇ ಇದ್ದ.

ಕಡೆಗೆ ಅವಳೇ ಒಂದು ಉಪಾಯ ಹೂಡಿದಳು. “ಇನ್ಮೇಲೆ ಪ್ರತಿ ಫೈಲಲ್ಲೂ ಬೇಕಂತ್ಲೇ ಒಂದು ತಪ್ಪು ಇಟ್ಟಿರ್ತೀನಿ. ನೀನು ಅದನ್ನ ತೋರ್ಸಿ, ಬಾಯ್ಬಿಟ್ಟು ‘ತಪ್ಪು’ ಅನ್ನೋ ತನಕ ಫೈಲು ಮುಂದಕ್ಕೆ ಹೋಗಲ್ಲ.”

ಮೊದಮೊದಲು ಆ ಮಾತು ಅವನ ಬಾಯಿಗೆ ಬರುತ್ತಲೇ ಇರಲಿಲ್ಲ. “ಇದು ಸ್ವಲ್ಪ...” ಅನ್ನುವನು. “ಸ್ವಲ್ಪ ಏನು?” ಎಂದು ವೇಣಿ ಬಿಡದೆ ಕೇಳುವಳು. ಬರಬರುತ್ತ ಮಾತು ಸಲೀಸಾಗಿ ಬರತೊಡಗಿತು.

ಗಣೇಶನ ಹಬ್ಬದ ಬುಕಿಂಗ್ ಶುರುವಾಗುವ ಹಿಂದಿನ ದಿನ ವೇಣಿ ಹೊಸ ಫೈಲು ಕೊಟ್ಟಳು. ಊರಿಗೆ ಹೋಗುವವರೆಲ್ಲ ಒಟ್ಟಿಗೆ ಮುಗಿಬೀಳುವ ದಿನ ಅದು. ಶಿವಶಂಕರ್ ಬಹಳ ಹೊತ್ತು ನೋಡಿದ.

“ಎರಡು ತಪ್ಪಿದೆ ಅಕ್ಕ.”

ವೇಣಿ ಇಟ್ಟಿದ್ದು ಒಂದೇ. “ಎಲ್ಲಿ?” ಅಂದಳು.

ಅವನು ತೆರೆಯ ಮೇಲೆ ಬೆರಳಿಟ್ಟ. ಒಂದು ಅವಳೇ ಇಟ್ಟಿದ್ದು; ಇನ್ನೊಂದು ಕಡೆ, ಒಳಗೆ ಬಿಡುವ ಜನರ ಲೆಕ್ಕದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿತ್ತು. ಟೆಸ್ಟ್ ಸರ್ವರಿನಲ್ಲಿ ಜನವೇ ಇರುವುದಿಲ್ಲವಲ್ಲ, ಅಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ನಾಳೆ ಬೆಳಗ್ಗೆ ಹತ್ತರಲ್ಲಿ ಒಂಬತ್ತು ಜನ ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು.

“ಇದು ನಂದೇ ತಪ್ಪು ಕಣೋ,” ಅಂದಳು. ಜೀವ ಹೋಗಿ ಬಂದ ಹಾಗಾಗಿತ್ತು ಅವಳಿಗೆ. “ಉಳಿಸ್ಬಿಟ್ಟೆ.”

ಶಿವಶಂಕರ್ ಏಳಲಿಲ್ಲ. “ಮೂರನೇದೂ ಒಂದಿದೆ ಅಕ್ಕ. ಫೈಲಲ್ಲಲ್ಲ.”

“ಹೇಳು.”

“ನಿಮ್ಮ ತಂದೆಯವ್ರು ನಮ್ಮ ಮೇಲಿನ ಟ್ಯಾಂಕಿಗೆ ನೀರು ಬಿಟ್ಟ ಹಾಗೆ ಮಾಡಿ ನಿಲ್ಲಿಸ್ಬಿಡ್ತಾರೆ. ನನ್ನ ಹೆಂಡ್ತಿ ಕೆಳಗಿಂದ ಕೊಡ ಹೊತ್ಕೊಂಡು ಹತ್ತಿ ಬರ್ತಾಳೆ. ಏಳು ತಿಂಗಳು. ಇದು ತಪ್ಪು ಅಕ್ಕ.”

ಆ ಸಂಜೆ ಮುನಿಯಣ್ಣ ಜಗಲಿಯ ಮೇಲೆ ಕೂತಿದ್ದ. ವೇಣಿ ಚಪ್ಪಲಿಯನ್ನೂ ಬಿಡದೆ ಅವನೆದುರು ನಿಂತಳು.

“ಏನಮ್ಮಾ, ಇಂಗ್ ನಿಂತ್ಬುಟ್ಟೆ?”

ಹುಟ್ಟಿದಾಗಿನಿಂದ ಅಪ್ಪನಿಗೆ ಅವಳು ‘ತಪ್ಪು’ ಎಂಬ ಮಾತು ಆಡಿದವಳಲ್ಲ. ಶಿವಶಂಕರನಿಗೆ ಎಷ್ಟು ಕಷ್ಟವಾಗಿತ್ತು ಎಂಬುದು ಆಗ ತಿಳಿಯಿತು. ಮೇಲಿನವರ ನೀರಿನ ವಿಷಯವನ್ನೆಲ್ಲ ಹೇಳಿ, “ಅಪ್ಪಾ, ನೀನು ಮಾಡ್ತಿರೋದು ತಪ್ಪು” ಅಂದಳು.

“ಯಾರು ಅಂಗಂದೋರು?”

“ನಾನೇ ಅಂತಿದ್ದೀನಿ.”

ಮುನಿಯಣ್ಣ ಮೊಣಕಾಲು ಹಿಡಿದುಕೊಂಡು ಎದ್ದು, ಗೊಣಗುತ್ತಲೇ ಹೋಗಿ ಮೇಲಿನ ಟ್ಯಾಂಕಿನ ಮೋಟಾರ್ ಹಾಕಿದ.