ಶುದ್ಧ ಶಾಕಾಹಾರಿ ಮನೆಯ ಗಿಡುಗ

ನಾಸಿಕದ ಸಾತಪುರದಲ್ಲಿ ಕಾರ್ಖಾನೆಯ ಕೆಲಸ ಸಿಕ್ಕಾಗ ನಮಗೆ ಬಾಡಿಗೆ ಮನೆ ಸಿಕ್ಕಿದ್ದು ಕೊರಳಿನ ಲಿಂಗದ ಪುಣ್ಯದಿಂದ. ಮನೆಯೊಡತಿಯೂ ನಮ್ಮ ಬೀದರ ಕಡೆಯವರೇ. ಮಾಂಸ, ಮೊಟ್ಟೆ ಒಳಗೆ ಬಂದ ದಿನವೇ ಮನೆ ಖಾಲಿ ಮಾಡಬೇಕು ಎಂಬುದು ಅವರ ಷರತ್ತು. ಅವ್ವ ನಕ್ಕಳು. ನಮ್ಮ ಮನೆತನದಲ್ಲಿ ಮೊಟ್ಟೆ ಮುಟ್ಟಿದವರಿಲ್ಲ. ಪದವಿ ಮುಟ್ಟಿದವನು ನಾನೊಬ್ಬನೇ. ಹಮಾಲಿ ಮಾಡಿ ಓದಿದ್ದು, ಪ್ರಾಣಿಶಾಸ್ತ್ರ.

ಆ ಚಳಿಗಾಲದಲ್ಲಿ ಅಂಗಳದ ಬಿಲ್ವದ ಬುಡಕ್ಕೆ ಪುಕ್ಕ ಬೀಳತೊಡಗಿದವು. ಒಂದು ದಿನ ಹಕ್ಕಿಯ ಕಾಲೂ ಬಿತ್ತು. ಕೆಳಗಿನ ಮನೆಯಲ್ಲೇ ಇದ್ದ ಮನೆಯೊಡತಿ ನನ್ನನ್ನು ಕರೆದರು.

"ಏನ್ ನಡಸೀರಿ ತಮ್ಮಾ ಮ್ಯಾಲ? ನಮ್ಮವ್ರಂತ ಮನಿ ಕೊಟ್ರ ಕೋಳಿ ಕೊಯ್ಲಾಕತ್ತೀರೇನು?"

"ಅದು ಕೋಳಿ ಅಲ್ರೀ. ಗುಬ್ಬಿ."

"ಗುಬ್ಬಿನೂ ಬಿಡಂಗಿಲ್ಲೇನು?"

ನಡೆದದ್ದು ಇಷ್ಟು. ಅವ್ವ ದಿನಾ ಲಿಂಗಪೂಜೆ ಮುಗಿಸಿ ಮಾಳಿಗೆಯ ಮೇಲೆ ಜೋಳ ಚೆಲ್ಲುತ್ತಿದ್ದಳು. ಗುಬ್ಬಿಗಳು ಜೋಳಕ್ಕೆ ಬರುತ್ತಿದ್ದವು, ಗಿಡುಗ ಗುಬ್ಬಿಗೆ ಬರುತ್ತಿತ್ತು. ಇಲ್ಲಿಯವರು ಶಿಕ್ರಾ ಎನ್ನುವ ಸಣ್ಣ ಗಿಡುಗ. ಅದು ಹದ್ದಿನಂತೆ ಮೇಲೆ ಸುತ್ತುವುದಿಲ್ಲ. ಪಕ್ಕದ ಬೇವಿನ ಎಲೆಗಳ ನಡುವೆ ಅಲುಗಾಡದೆ ಕೂತಿದ್ದು, ಗೋಡೆಯ ಮರೆಯಲ್ಲಿ ತಗ್ಗಿ ಹಾರಿ ಬಂದು ಎರಗುತ್ತದೆ. ಉಗುರಿನ ಬಿಗಿಗೇ ಹಕ್ಕಿ ಸಾಯುತ್ತದೆ. ತಿನ್ನುವ ಮೊದಲು ಗಿಡುಗ ಅದರ ಪುಕ್ಕ ಕೀಳುತ್ತದೆ, ಅದೂ ದಿನಾ ಒಂದೇ ಜಾಗದಲ್ಲಿ. ನಮ್ಮ ದುರ್ದೈವಕ್ಕೆ ಆ ಜಾಗ ಮಾಳಿಗೆಯ ಅಂಚಿನ ನೀರಿನ ಟಾಕಿ, ಬಿಲ್ವದ ನೇರ ಮೇಲೆ.

ಮೊಬೈಲಿನಲ್ಲಿ ಗಿಡುಗದ ಫೋಟೋ ತೆಗೆದು ಮನೆಯೊಡತಿಗೆ ತೋರಿಸಿದೆ. ಆಗಿನ ಮೊಬೈಲು, ಎಲ್ಲ ಮಸುಕು.

"ಇದೇನಿದು, ಹೀರಿಕಾಯಿ? ರವಿವಾರ ತನಕ ನೋಡ್ತೀನಿ. ಆಮ್ಯಾಲ ಗಂಟು ಕಟ್ರಿ."

ರವಿವಾರ ಅವರನ್ನೇ ಮಾಳಿಗೆಗೆ ಕರೆದೆ. ಮರೆಯಿಲ್ಲದ ಕಡೆ ಕುರ್ಚಿ ಹಾಕಿಕೊಂಡು ಕೂತರು. ಹಾಗೆ ಕೂತರೆ ಅದು ಬರುವುದಿಲ್ಲ, ಮೆಟ್ಟಿಲ ಮರೆಗೆ ಬನ್ನಿ ಎಂದೆ.

"ನನ್ನ ಮನ್ಯಾಗ ನಾನೇ ಅಡಗಿ ಕುಂದ್ರಬೇಕೇನು?" ಎಂದರೂ ಬಂದು ಕೂತರು. ಅವ್ವ ಜೋಳ ಚೆಲ್ಲಿ ನಮ್ಮ ಪಕ್ಕ ಕೂತಳು.

ಅಳಿಲೊಂದು ಚೀರಿತು. ಗುಬ್ಬಿಗಳೆಲ್ಲ ಒಟ್ಟಿಗೆ ಎದ್ದವು, ಒಂದು ಏಳಲಿಲ್ಲ. ಮನೆಯೊಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ಮುಚ್ಚಲಿಲ್ಲ. ಗಿಡುಗ ತಿಂದು ಕೊಕ್ಕು ಒರೆಸಿಕೊಳ್ಳುವವರೆಗೂ ನೋಡಿದರು.

"ನಾಳಿಂದ ಜ್ವಾಳ ಹಾಕಬ್ಯಾಡ್ರಿ," ಎಂದರು ಅವ್ವನಿಗೆ.

"ಗುಬ್ಬಿಗೆ ಹಾಕೂದು ಬಿಡಂಗಿಲ್ರೀ ಅಕ್ಕಾ. ಬೇಕಾದ್ರ ಮನಿ ಬಿಡ್ತೀವಿ," ಎಂದಳು ಅವ್ವ. ನನ್ನನ್ನು ಯಾರೂ ಕೇಳಲಿಲ್ಲ.

ಮನೆಯೊಡತಿ ಸೆರಗು ಕೊಡವಿ ಎದ್ದರು.

"ಇರ್ರಿ. ಆದ್ರ ಅಂಗಳ ಉಡುಗೂದು ನಿಮ್ಮ ಮಗನ ಕೆಲಸ."

ಮರುದಿನದಿಂದ ಡ್ಯೂಟಿಗೆ ಹೋಗುವ ಮೊದಲು ಕಸಬರಿಗೆ ಹಿಡಿದೆ. ಗಿಡುಗಗಳಲ್ಲಿ ಹೆಣ್ಣೇ ದೊಡ್ಡದು, ಪಾರಿವಾಳದಂಥ ಬೆಳವವನ್ನೂ ಹಿಡಿಯುತ್ತದೆ. ಹೆಣ್ಣು ಬಂದ ದಿನ ಕಸ ಜಾಸ್ತಿ.